ಮುಟ್ಟಿನ ರಜೆ ಬಂತು, ಬದಲಿ ಸಿಸ್ಟರ್ ಎಲ್ಲಿ?

ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ ನರ್ಸ್ ಆಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ನೈಟ್ ಡ್ಯೂಟಿಯ ನಡುವೆ ಇನ್‌ಚಾರ್ಜ್ ಬಂದು, "ನಿನ್ನ ಪೇಷಂಟ್‌ಗಳನ್ನು ನಾನು ನೋಡ್ತೀನಿ, ನೀನು ಬ್ರೇಕ್‌ಗೆ ಹೋಗು" ಎಂದರು. ಏನು ತಪ್ಪು ಮಾಡಿದೆನೋ ಅಂತ ಹೆದರಿಬಿಟ್ಟೆ. ಸ್ಟಾಫ್ ಟಾಯ್ಲೆಟ್‌ನಲ್ಲಿ ನೋಡಿದರೆ ಬುಟ್ಟಿ ತುಂಬ ಮುಟ್ಟಿನ ಹೊಸ ಪ್ಯಾಡ್ ಬೇರೆ! ಬೇಕಾದವರಿಗೆ ಪ್ಯಾಡ್ ಉಚಿತವಾಗಿ ಸಿಗಬೇಕು ಅಂತ ಸ್ಕಾಟ್ಲೆಂಡ್‌ನಲ್ಲಿ 2022ರ ಆಗಸ್ಟ್‌ನಿಂದ ಕಾನೂನೇ ಇದೆ.

ಮಂಗಳೂರಿನಲ್ಲಿ ನಾನಿದ್ದ ಆಸ್ಪತ್ರೆಯಲ್ಲಿ ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ಇಡೀ ವಾರ್ಡಿಗೆ ಇಬ್ಬರೇ. ಒಬ್ಬಳು ಐವಿ ಹಾಕುತ್ತಿದ್ದರೆ ಇನ್ನೊಬ್ಬಳು ಬೆಲ್‌ಗೆ ಓಡಬೇಕು. ಪ್ಯಾಡ್ ಬದಲಾಯಿಸುವುದು ಯಾವಾಗ? ಎರಡು ಪ್ಯಾಡ್ ಒಂದರ ಮೇಲೊಂದು ಇಟ್ಟುಕೊಂಡು ಡ್ಯೂಟಿಗೆ ಬರುತ್ತಿದ್ದೆವು. ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ. ತೊಡೆಸಂದಿ ಉರಿ, ಅದರ ಮೇಲೆ ಯೂರಿನ್ ಇನ್‌ಫೆಕ್ಷನ್. ಯೂನಿಫಾರ್ಮ್ ಬೇರೆ ಬಿಳಿ. "ಹಿಂದೆ ನೋಡೇ, ಏನಾದ್ರೂ ಆಗಿದ್ಯಾ?" ಅಂತ ಕಾರಿಡಾರ್‌ನಲ್ಲಿ ಪಿಸುಗುಡುವುದೇ ಆಯಿತು. ಬೆಳಗ್ಗೆ ಪೇಷಂಟ್‌ಗೆ ಸ್ವಚ್ಛತೆಯ ಪಾಠ ಹೇಳುವವರೂ ನಾವೇ!

ಭೂಮಿತಾಯಿ ಮುಟ್ಟಾಗುತ್ತಾಳೆ ಅಂತ ತುಳುನಾಡಿನಲ್ಲಿ ಆಚರಿಸುವ ಕೆಡ್ಡಸ ಹಬ್ಬ ಬಂದರೆ ಭೂಮಿಗೇ ನೇಗಿಲು ತಾಗಿಸದ ಊರು ನಮ್ಮದು. ಸಿಸ್ಟರಿಗೆ ಮಾತ್ರ ಹತ್ತು ನಿಮಿಷ ಇಲ್ಲ.

2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತಲ್ಲ, ಖುಷಿಯಲ್ಲಿ ಊರಿನ ಗೆಳತಿಗೆ ಫೋನ್ ಮಾಡಿದೆ. "ನಾನು ರಜೆ ಹಾಕಿದ್ರೆ ಇನ್ನೊಬ್ಬಳಿಗೆ ಡಬಲ್ ಡ್ಯೂಟಿ ಮಾರಾಯ್ತಿ. ಅವಳಿಗೂ ಅದೇ ದಿನ ಆಗಿರ್ತದೆ" ಎಂದಳು. ಅವಳ ವಾರ್ಡಿನಲ್ಲಿ ಈಗಲೂ ಇಬ್ಬರೇ. ತಿಂಗಳಿಗೊಂದು ರಜೆಗಿಂತ ಮೊದಲು ಪ್ರತಿ ರಾತ್ರಿ ಇನ್ನೊಬ್ಬ ಸಿಸ್ಟರ್ ಬೇಕು. ಅದನ್ನು ಯಾರೂ ಕೇಳುವುದಿಲ್ಲ.

ಇಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಚಳಿಗಾಲದಲ್ಲಿ ವಾರ್ಡ್ ತುಂಬಿದರೆ ಇಲ್ಲೂ ಬ್ರೇಕ್ ತಪ್ಪುತ್ತದೆ. ಸಾಲಾಗಿ ನೈಟ್ ಬಿದ್ದರೆ ನನ್ನ ಡೇಟ್ ಇಲ್ಲೂ ಹಿಂದೆ ಮುಂದೆ ಆಗುತ್ತದೆ. ನಿದ್ದೆ ಕೆಟ್ಟರೆ ಹಾರ್ಮೋನ್ ಏರುಪೇರಾಗಲು ಯಾವ ಊರಾದರೇನು? ಇನ್ನು ಮುಟ್ಟಿನ ರಜೆಯ ಕಾನೂನು ಬ್ರಿಟನ್‌ನಲ್ಲಿ ಇಲ್ಲವೇ ಇಲ್ಲ. ಹೊಟ್ಟೆನೋವು ಅಂತ ಮನೆಯಲ್ಲಿ ಉಳಿದರೆ ಸಿಕ್ ಲೀವ್ ಲೆಕ್ಕ. ಮತ್ತೆ ಮತ್ತೆ ಹಾಕಿದರೆ ಮೀಟಿಂಗ್‌ಗೆ ಕರೆಯುತ್ತಾರೆ. ಆ ಮಟ್ಟಿಗೆ ಕರ್ನಾಟಕವೇ ಮುಂದೆ, ಒಪ್ಪಿದೆ.

ಊರಿನ ವಾರ್ಡಿನಲ್ಲಿ ಮುಖ ನೋಡಿಯೇ ಗೊತ್ತುಮಾಡಿಕೊಂಡು ಬಿಸಿ ಜೀರಿಗೆ ಕಷಾಯ ತಂದಿಡುವ ಆಯಾ ಅಕ್ಕ ಇದ್ದರು. ಇಲ್ಲಿ ಅಂಥವರಿಲ್ಲ. ಅದನ್ನು ಕುಡಿಯಲು ನಮಗೆ ಪುರುಸೊತ್ತು ಸಿಗುತ್ತಿರಲಿಲ್ಲ, ಅದು ಬೇರೆ ಮಾತು.