ಟಿವಿ ಹೆತ್ತು ಟಿವಿಯೇ ಕೈಬಿಟ್ಟ ರೇಸ್

ಡುಕಾಟಿ ಹೈಪರ್‌ಮೊಟಾರ್ಡ್ 698 ಮೋನೊ 2024ರಲ್ಲಿ ಇಂಡಿಯಾಕ್ಕೆ ಬಂದಾಗ ನಮ್ಮ ಬೈಕ್ ಗೆಳೆಯರ ಗುಂಪಿನಲ್ಲಿ ಅದೇ ತಮಾಷೆ. ಎಕ್ಸ್-ಶೋರೂಂ ಬೆಲೆ 16.5 ಲಕ್ಷ. ಇರೋದು ಒಂದೇ ಸಿಲಿಂಡರ್. ಸೀಟು ನೆಲದಿಂದ 90 ಸೆಂಟಿಮೀಟರ್ ಮೇಲೆ. ಸಾಮಾನು ಕಟ್ಟಿಕೊಂಡು ಗೋಕರ್ಣಕ್ಕೆ ಹೋಗುವ ಗಾಡಿಯಂತೂ ಅಲ್ಲ. "ಇದನ್ನ ತಗೊಂಡು ಏನ್ ಮಾಡೋದು ಗುರು?" ಅಂತ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆ ಗಾಡಿಗೆ ಆ ಆಕಾರ ಕೊಟ್ಟ ರೇಸನ್ನು ನಮ್ಮಲ್ಲಿ ಹೆಚ್ಚಿನವರು ನೋಡೇ ಇಲ್ಲ.

ಅದು ಸೂಪರ್‌ಮೋಟೊ. ಅರ್ಧಕ್ಕಿಂತ ಜಾಸ್ತಿ ಟಾರು, ಉಳಿದದ್ದು ಮಣ್ಣು, ನಡುವೆ ಒಂದೆರಡು ಜಂಪು. ಇಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಮುಂದಿನ ದೊಡ್ಡ ಆಟ ಇದೇ ಅಂತ ಎಲ್ಲರೂ ಹೇಳುತ್ತಿದ್ದರು. ಈಗ ಅಲ್ಲಿ ಅದನ್ನು ನೆನೆಸುವವರು ಕಡಿಮೆ. ಯಾಕೆ ಬಿತ್ತು ಅಂದರೆ ತಟ್ಟನೆ ಬರುವ ಉತ್ತರ 2008ರ ಆರ್ಥಿಕ ಕುಸಿತ. ನನಗೆ ಆ ಉತ್ತರ ಅಷ್ಟಾಗಿ ಒಪ್ಪಿಗೆ ಇಲ್ಲ.

ಶುರುವಾದದ್ದನ್ನು ನೋಡಿ. 1979, ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್ ರೇಸ್‌ವೇ. ಅಲ್ಲಿ ನೇರ ಓಟದ ಟಾರು ದಾರಿ, ಅಂದರೆ ಒಂದು ಡ್ರ್ಯಾಗ್ ಸ್ಟ್ರಿಪ್ ಇತ್ತು, ಪಕ್ಕದಲ್ಲೇ ಕಲ್ಲಿನಂಥ ಗಟ್ಟಿ ಮಣ್ಣಿನ ಮೋಟೋಕ್ರಾಸ್ (ಮಣ್ಣಿನ ಏರುತಗ್ಗಿನ ರೇಸು) ಟ್ರ್ಯಾಕು. ರೇಸ್ ಆಯೋಜಕ ಗ್ಯಾವಿನ್ ಟ್ರಿಪ್ ಎರಡನ್ನೂ ಸೇರಿಸಿ ಒಂದು ಸುತ್ತು ಮಾಡಿದ. ಟಾರಿನ ರೇಸರ್, ಮೋಟೋಕ್ರಾಸ್ ರೇಸರ್, ಮಣ್ಣಿನ ಅಂಡಾಕಾರದಲ್ಲಿ ಎಡಕ್ಕೇ ತಿರುಗುತ್ತಾ ಹೋಗುವ ಫ್ಲ್ಯಾಟ್ ಟ್ರ್ಯಾಕ್ ರೇಸರ್, ಈ ಮೂವರಲ್ಲಿ ಗಟ್ಟಿಗ ಯಾರು? ಒಂದೇ ಕಡೆ ಬಿಟ್ಟು ನೋಡೋಣ ಅನ್ನೋದು ಲೆಕ್ಕ. ಎಬಿಸಿ ಚಾನೆಲ್ಲಿನ 'ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್' ಕಾರ್ಯಕ್ರಮಕ್ಕೆಂದೇ ಮಾಡಿದ ರೇಸು ಅದು. ಹೆಸರು 'ಸೂಪರ್‌ಬೈಕರ್ಸ್'. ಕೆನ್ನಿ ರಾಬರ್ಟ್ಸ್, ಎಡ್ಡಿ ಲಾಸನ್ ಅಂಥ ಟಾರು ರೇಸಿನ ಘಟಾನುಘಟಿಗಳು ಅದರಲ್ಲಿ ಇಳಿದರು. ಮೊದಲ ವರ್ಷ ಗೆದ್ದದ್ದು ಮೋಟೋಕ್ರಾಸಿನ ಕೆಂಟ್ ಹೋವರ್ಟನ್. ಮಣ್ಣಿನವರು ಬೀಗಿದರು, ಟಾರಿನವರು ಮುಂದಿನ ವರ್ಷಕ್ಕೆ ಕಾದರು. ಟಿವಿಗೆ ಇನ್ನೇನು ಬೇಕು?

1985ಕ್ಕೆ ಅದು ನಿಂತುಹೋಯಿತು. ಕ್ಯಾಮೆರಾ ಹೋದ ಮೇಲೆ ಅಲ್ಲಿ ಉಳಿದದ್ದೇನು? ಊರೂರಲ್ಲಿ ಕ್ಲಬ್ ಇರಲಿಲ್ಲ, ಎಳೆಯರಿಗೆ ಲೀಗ್ ಇರಲಿಲ್ಲ, ಅಂಗಡಿಯಲ್ಲಿ ಅಂಥ ಗಾಡಿ ಸಿಗುತ್ತಿರಲಿಲ್ಲ. ವರ್ಷಕ್ಕೊಂದು ಶೋ ಇತ್ತು, ಅದೂ ಹೋಯಿತು. ಕಾರ್ಲ್ಸ್‌ಬ್ಯಾಡ್ ರೇಸ್‌ವೇ ಕೂಡ 2004ರಲ್ಲಿ ಮುಚ್ಚಿತು. ಈಗ ಆ ಜಾಗ ಇಂಡಸ್ಟ್ರಿಯಲ್ ಪಾರ್ಕ್.

ಸ್ವಲ್ಪ ನಿಲ್ಲಿ, ಈ ರೇಸ್ ನೋಡಲು ಹೇಗಿರುತ್ತದೆ ಅಂತ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. 450 ಸಿಸಿ ಮೋಟೋಕ್ರಾಸ್ ಬೈಕಿಗೆ ಸಣ್ಣ ಚಕ್ರ, ಅಗಲವಾದ, ಗೀರಿಲ್ಲದ ನುಣುಪು ಸ್ಲಿಕ್ ಟೈರು, ಮುಂದೆ ತಟ್ಟೆಯಷ್ಟು ದೊಡ್ಡ ಬ್ರೇಕ್ ಡಿಸ್ಕು. ಸವಾರನ ಮೈಮೇಲೆ ಟಾರು ರೇಸಿನ ಲೆದರ್ ಸೂಟು, ತಲೆಗೆ ಮೋಟೋಕ್ರಾಸಿನ ಮೂತಿ ಹೆಲ್ಮೆಟ್ಟು. ನೇರ ರಸ್ತೆ ಮುಗಿಯುವ ಕಡೆ ಅವನು ಮುಂದಿನ ಬ್ರೇಕ್ ಒತ್ತುತ್ತಾನೆ, ಜೊತೆಗೇ ಟಕಟಕ ಅಂತ ಮೂರು ಗೇರು ಇಳಿಸುತ್ತಾನೆ. ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗುತ್ತದೆ. ಆಗ ಗಾಡಿಯ ಹಿಂಭಾಗ ಪಕ್ಕಕ್ಕೆ ಸರಿಯಲು ಶುರು. ಗೇರು ಇಳಿಸಿದಾಗ ಹಿಂಚಕ್ರಕ್ಕೆ ಬೀಳುವ ಎಳೆತ ತಗ್ಗಿಸುವ ಸ್ಲಿಪ್ಪರ್ ಕ್ಲಚ್ ಇರುವುದರಿಂದ ಟೈರು ಕುಪ್ಪಳಿಸುವುದಿಲ್ಲ, ಉದ್ದಕ್ಕೆ ಜಾರುತ್ತದೆ. ಒಳಗಿನ ಕಾಲು ಹೊರಗೆ ಚಾಚಿ, ತಿರುವಿಗೆ ಇನ್ನೂ ದೂರ ಇರುವಾಗಲೇ ಗಾಡಿ ಅಡ್ಡಡ್ಡ. ತಿರುವು ಬರುವ ಹೊತ್ತಿಗೆ ಮೂತಿ ಆಗಲೇ ಹೊರಹೋಗುವ ದಿಕ್ಕಿಗೆ ಇರುತ್ತದೆ. ಹಿಂದೆ ನಾಲ್ಕು ಜನ ಅದೇ ಭಂಗಿಯಲ್ಲಿ, ಒಬ್ಬರಿಂದೊಬ್ಬರಿಗೆ ಒಂದು ಮೊಳ ಅಂತರ.

ಮುಂದಿನ ಮೂವತ್ತು ಸೆಕೆಂಡಿನಲ್ಲಿ ಅದೇ ಸ್ಲಿಕ್ ಟೈರಿನಲ್ಲಿ ಮಣ್ಣಿಗೆ ಇಳಿಯಬೇಕು. ಹಿಡಿತಕ್ಕೆಂದು ಟೈರಿಗೆ ಕೈಯಿಂದಲೇ ಗೀರು ಕೊಯ್ದಿದ್ದರೂ ಅದಕ್ಕೆ ಮಣ್ಣು ಅಂದರೆ ಎಣ್ಣೆ ಚೆಲ್ಲಿದ ಅಡುಗೆಮನೆ ನೆಲ. ಅಲ್ಲೇ ಜಂಪ್ ಹಾರಿ, ಟೈರಿಗೆ ಧೂಳು ಮೆತ್ತಿಕೊಂಡು, ಮತ್ತೆ ಟಾರಿಗೆ. ಟಾರಿನ ಮೊದಲ ತಿರುವಿನಲ್ಲಿ ಟೈರು ಹಿಡಿಯುತ್ತೋ ಬಿಡುತ್ತೋ ಅನ್ನೋದು ಅವನಿಗೇ ಗೊತ್ತಿರಲ್ಲ. ನನ್ನ ಮಟ್ಟಿಗೆ ಎರಡು ಚಕ್ರದ ಮೇಲೆ ಇದಕ್ಕಿಂತ ಚೆಂದದ ರೇಸ್ ಇಲ್ಲ. ಮೋಟೋಜಿಪಿ ಅಭಿಮಾನಿಗಳು ಬೈದುಕೊಳ್ಳಲಿ.

ಅಮೆರಿಕ ಮರೆತದ್ದನ್ನು ಯೂರೋಪಿನವರು ಎತ್ತಿಕೊಂಡರು. ಫ್ರಾನ್ಸ್, ಇಟಲಿ, ಬೆಲ್ಜಿಯಂಗಳಲ್ಲಿ ಇದು ಕ್ಲಬ್ಬುಗಳ ಆಟವಾಯಿತು. ಭಾನುವಾರ ಗೋ-ಕಾರ್ಟ್ ಟ್ರ್ಯಾಕಿನಲ್ಲಿ, ಕೆಲವು ಕಡೆ ಊರ ಬೀದಿಗಳನ್ನೇ ಬಂದ್ ಮಾಡಿ ರೇಸು. ಬೆಲ್ಜಿಯಂನ ಮೆಟ್ಟೆ ಅನ್ನೋ ಸಣ್ಣ ಊರಿನಲ್ಲಿ 1980ರ ದಶಕದಲ್ಲಿ ಶುರುವಾದ 'ಸೂಪರ್‌ಬೈಕರ್' ಇವತ್ತಿಗೂ ಪ್ರತಿ ಅಕ್ಟೋಬರಿಗೆ ನಡೆಯುತ್ತದೆ. ಹೆಸರು ನೋಡಿ, ಕಾರ್ಲ್ಸ್‌ಬ್ಯಾಡಿನದೇ. ಈ ಕ್ಲಬ್ಬುಗಳ ಬಲದ ಮೇಲೇ 2002ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಬಂತು. ಮೊದಲ ಪಟ್ಟ ಫ್ರಾನ್ಸಿನ ತಿಯೆರಿ ವ್ಯಾನ್ ಡೆನ್ ಬಾಷ್‌ಗೆ, ಕೆಟಿಎಂ ಮೇಲೆ.

2003ರಲ್ಲಿ ಅಮೆರಿಕಕ್ಕೆ ವಾಪಸ್ ಬಂತು, ಈ ಸಲ ಎಎಂಎ (ಅಮೆರಿಕದ ಮೋಟಾರ್‌ಸೈಕಲ್ ಸಂಘ) ಚಾಂಪಿಯನ್‌ಶಿಪ್ ಆಗಿ, ರೆಡ್ ಬುಲ್ ದುಡ್ಡಿನ ಜೊತೆ. ಮೊದಲ ಚಾಂಪಿಯನ್ ಮೋಟೋಕ್ರಾಸಿನ ಡಗ್ ಹೆನ್ರಿ. ಮರುವರ್ಷ ಟಿವಿಯಲ್ಲಿ ಬರುವ ಸಾಹಸ ಕ್ರೀಡೆಗಳ ಕೂಟ ಎಕ್ಸ್ ಗೇಮ್ಸ್‌ಗೂ ಸೇರಿತು. ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದದ್ದು ಟಾರಿನ ರೇಸರ್ ಬೆನ್ ಬಾಸ್ಟ್ರಮ್. ಹಳೇ ಜಗಳ ಮತ್ತೆ ಶುರು, ಅಲ್ವಾ? ಸೂಪರ್‌ಕ್ರಾಸ್ (ಸ್ಟೇಡಿಯಂ ಒಳಗಿನ ಮೋಟೋಕ್ರಾಸ್) ರಾಜ ಜೆರೆಮಿ ಮೆಗ್ರಾ ಕೂಡ ಇಳಿದ. ಕಂಪನಿಗಳು ಸಾಲುಗಟ್ಟಿದವು. ಯಮಹಾದ ಎಕ್ಸ್‌ಟಿ660ಎಕ್ಸ್, ಸುಜುಕಿಯ ಡಿಆರ್-ಝಡ್400ಎಸ್‌ಎಂ, ಹೋಂಡಾದ ಎಫ್‌ಎಂಎಕ್ಸ್650, ಎಲ್ಲವೂ ಆಗಲೇ ಬಂದದ್ದು. ಅಪ್ರಿಲಿಯಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎರಡು ಸಿಲಿಂಡರಿನ ವಿ-ಟ್ವಿನ್ ಇಂಜಿನ್ನಿನ ಎಸ್‌ಎಕ್ಸ್‌ವಿ ಬಿಟ್ಟಿತು. ಓಡಿಸಿದ ಗಂಟೆ ಲೆಕ್ಕ ಹಾಕಿ ಸರ್ವಿಸ್ ಮಾಡಿಸಬೇಕಾದ ರೋಡ್ ಬೈಕು ಅದು. ಕೊಂಡವರ ಧೈರ್ಯ ಮೆಚ್ಚಬೇಕು. ಡುಕಾಟಿ 2005ರಲ್ಲಿ ಮಿಲಾನ್ ಶೋನಲ್ಲಿ ಹೈಪರ್‌ಮೊಟಾರ್ಡ್ ತೋರಿಸಿತು, ಜನ ಹುಚ್ಚಾದರು.

ಆಮೇಲೆ ಬಿತ್ತು ನೋಡಿ. ಕೆಲವೇ ವರ್ಷಗಳಲ್ಲಿ ಎಕ್ಸ್ ಗೇಮ್ಸ್ ಸೂಪರ್‌ಮೋಟೊವನ್ನು ಕೈಬಿಟ್ಟಿತು. ಎಎಂಎ ಸರಣಿಯೂ ಅದೇ ಹೊತ್ತಿಗೆ ನಿಂತಿತು.

ಕುಸಿತದ ಕಥೆ ಹೇಳುವವರಿಗೆ ನನ್ನ ಪ್ರಶ್ನೆ ಇಷ್ಟೇ. ಅದೇ 2008, 2009ರಲ್ಲಿ ಅದೇ ಅಮೆರಿಕದಲ್ಲಿ ಸೂಪರ್‌ಕ್ರಾಸ್ ಯಾಕೆ ನಿಲ್ಲಲಿಲ್ಲ? ಪ್ರಾಯೋಜಕರು ಅಲ್ಲೂ ಕೈ ಬಿಗಿ ಮಾಡಿದ್ದರು. ಆದರೆ ಅದರ ಕೆಳಗೆ ಸಾವಿರಾರು ಮಕ್ಕಳು ವಾರ ವಾರ ಓಡಿಸುವ ಮಣ್ಣಿನ ಟ್ರ್ಯಾಕುಗಳಿದ್ದವು. ಸೂಪರ್‌ಮೋಟೊಗೆ ಮೇಲೆ ಟಿವಿ, ರೆಡ್ ಬುಲ್, ಹೆಸರುವಾಸಿ ರೇಸರ್‌ಗಳು, ಕೆಳಗೆ ಹೆಚ್ಚೇನೂ ಇಲ್ಲ. ಬಂದ ದೊಡ್ಡವರಲ್ಲಿ ಹೆಚ್ಚಿನವರು ಬೇರೆ ಕಡೆ ಹೆಸರು ಮಾಡಿ ಬಂದವರು, ಹಾಗೇ ಹೊರಟೂ ಹೋದರು. 1985ರ ಕಥೆಯೇ ಇನ್ನೊಂದು ಸಲ.

ಕೆಳಗೆ ಯಾಕೆ ಬೆಳೆಯಲಿಲ್ಲ ಅಂದರೆ ಅದಕ್ಕೆ ಸ್ವಂತ ಜಾಗ ಇಲ್ಲ. ಮೋಟೋಕ್ರಾಸ್ ಟ್ರ್ಯಾಕಿನವನ ಹತ್ತಿರ ಟಾರು ಇಲ್ಲ. ಗೋ-ಕಾರ್ಟ್ ಟ್ರ್ಯಾಕಿನವನಿಗೆ ಮಣ್ಣು ಕಂಡರೆ ಆಗಲ್ಲ. ಬೈಕುಗಳು ಲ್ಯಾಪಿಗೊಂದು ಹಿಡಿ ಮಣ್ಣು ತಂದು ಟಾರಿನ ಮೇಲೆ ಹಾಕುತ್ತವೆ, ಬಿದ್ದ ಬೈಕಿನ ಫುಟ್‌ಪೆಗ್ಗು ಟಾರನ್ನು ಕೆರೆಯುತ್ತದೆ. ಸಂಜೆ ದುಡ್ಡು ಕೊಟ್ಟು ಕಾರ್ಟ್ ಓಡಿಸಲು ಬರುವ ಗಿರಾಕಿಗೆ ಜಾರುವ ಟ್ರ್ಯಾಕು. ಮಳೆ ಬಂದರಂತೂ ಮಣ್ಣಿನ ಭಾಗ ಕೆಸರು, ಅದನ್ನು ಕೈಬಿಟ್ಟು ಬರೀ ಟಾರಿನಲ್ಲಿ ರೇಸ್ ಮುಗಿಸುತ್ತಾರೆ. ಆಯೋಜಕರಿಗೆ ಇದು ಸುಲಭ ಅಂತ ಗೊತ್ತಾದ ಮೇಲೆ ಮಣ್ಣು ಕಡಿಮೆ ಆಗುತ್ತಲೇ ಹೋಗುತ್ತದೆ. ಮಣ್ಣಿಲ್ಲದ ಸೂಪರ್‌ಮೋಟೊ ನನಗೆ ರುಚಿಸಲ್ಲ. ಅದಕ್ಕೆ ಬೇರೆ ರೇಸ್‌ಗಳಿವೆ.

ಖರ್ಚೂ ಇದೆ, ಇಲ್ಲ ಅಂತಲ್ಲ. ಹೊಸ 450 ತಗೊಂಡು ಅದರ ಚಕ್ರ, ಬ್ರೇಕು, ಸಸ್ಪೆನ್ಷನ್ ಎಲ್ಲ ಬದಲಾಯಿಸಬೇಕು. ಪೆಟ್ಟಿನ ಭಯವೂ ಇದೆ. 2007ರಲ್ಲಿ ಸೂಪರ್‌ಮೋಟೊ ಓಡಿಸುವಾಗಲೇ ಡಗ್ ಹೆನ್ರಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಆಮೇಲೆ ವಿಶೇಷವಾಗಿ ಮಾರ್ಪಡಿಸಿದ ಬೈಕಿನಲ್ಲಿ ಎಕ್ಸ್ ಗೇಮ್ಸ್‌ನ ಅಡಾಪ್ಟಿವ್ (ಅಂಗವಿಕಲ ಸವಾರರ) ರೇಸ್ ಗೆದ್ದ, ಅದು ಬೇರೆ ಮಾತು. ಆದರೆ ದುಬಾರಿ, ಅಪಾಯ ಎರಡೂ ಮೋಟೋಕ್ರಾಸಿಗೂ ಇವೆ. ಅದು ಬದುಕಿಲ್ವಾ?

ಯೂರೋಪಿನಲ್ಲೂ ಈ ಆಟ ಸೊರಗಿದೆ. ದೊಡ್ಡ ಕಂಪನಿಗಳ ತಂಡಗಳು ಒಂದೊಂದಾಗಿ ಹೋದವು. ಆದರೂ ಸತ್ತಿಲ್ಲ. ಇಟಲಿಯ ಪೆಸಾರೊದ ಟಿಎಂ ಅನ್ನೋ ಪುಟ್ಟ ಕಂಪನಿ ಇನ್ನೂ ರೇಸ್ ಬೈಕ್ ಮಾಡುತ್ತಿದೆ. ಫ್ರಾನ್ಸಿನ ಥಾಮಸ್ ಶಾರೇರ್, ಅವನ ನಂತರ ಜರ್ಮನಿಯ ಮಾರ್ಕ್-ರೈನರ್ ಶ್ಮಿಟ್ ವರ್ಷಾನುಗಟ್ಟಲೆ ವಿಶ್ವ ಪಟ್ಟ ಹಿಡಿದುಕೊಂಡರು. ಹೊರಗಿನವರಿಗೆ ಅವರ ಹೆಸರು ಗೊತ್ತಿಲ್ಲ, ಅಷ್ಟೇ. ಟಿವಿಯಲ್ಲಿ ಕಾಣುವ ಎಷ್ಟೋ ಮೋಟೋಜಿಪಿ ರೈಡರ್‌ಗಳು ರಜೆಯಲ್ಲಿ ಕಾರ್ಟ್ ಟ್ರ್ಯಾಕಿಗೆ ಹೋಗಿ ಅಭ್ಯಾಸ ಮಾಡೋದೂ ಸೂಪರ್‌ಮೋಟೊ ಬೈಕಿನಲ್ಲೇ.

ನಮ್ಮ ಕಡೆಗೆ ಬರೋಣ. ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಡಾಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ. ಬಿಗ್ ಬಾಸ್‌ನಿಂದ ಮನೆಮನೆಗೆ ಗೊತ್ತಾದ ಉಡುಪಿಯ ಕೆ.ಪಿ. ಅರವಿಂದ್ ಅದಕ್ಕೂ ಮೊದಲೇ ರಾಷ್ಟ್ರೀಯ ಮಟ್ಟದ ಮೋಟೋಕ್ರಾಸ್ ಚಾಂಪಿಯನ್. ಮಣ್ಣಿನಲ್ಲಿ ಓಡಿಸುವವರಿಗೆ ಇಲ್ಲಿ ಬರ ಇಲ್ಲ, ಬೆಂಗಳೂರಿನಲ್ಲಿ ಕಾರ್ಟ್ ಟ್ರ್ಯಾಕೂ ಇವೆ. ಹೀರೊದ ಎಕ್ಸ್‌ಪಲ್ಸ್ ಬೈಕಿಗೆ 17 ಇಂಚಿನ ಚಕ್ರ, ರೋಡ್ ಟೈರು ಹಾಕಿಸಿ ಸೂಪರ್‌ಮೋಟೊ ಮಾಡಿಕೊಂಡ ಹುಡುಗರು ಬೇಕಾದಷ್ಟು ಜನ ಸಿಗುತ್ತಾರೆ. ಪಾಪ, ಅವರಿಗೆ ಓಡಿಸಲು ಇರೋದು ನಂದಿ ಬೆಟ್ಟದ ರಸ್ತೆ. ಗಾಡಿ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ತಲೆ ಮೇಲೆ. ಸಾರ್ವಜನಿಕ ರಸ್ತೆಯಲ್ಲಿ ಗಾಡಿ ಅಡ್ಡ ಹೊಡೆಯೋದನ್ನು ನಾನು ಸಮರ್ಥಿಸಲ್ಲ, ಆದರೆ ಆ ಹುಡುಗರನ್ನು ಬೈಯುವ ಮೊದಲು ಒಂದು ಜಾಗ ತೋರಿಸಬೇಕಲ್ವಾ?

ದೊಡ್ಡ ಲೀಗ್, ಡ್ರೋನ್ ಕ್ಯಾಮೆರಾ, ಸಿನಿಮಾ ಸ್ಟಾರ್ ಮಾಲೀಕತ್ವದ ತಂಡ, ಇದೆಲ್ಲ ಈಗಲೇ ಬೇಡ. ಕಾರ್ಟ್ ಟ್ರ್ಯಾಕಿನ ಯಾರಾದರೂ ಒಬ್ಬರು ತಿಂಗಳಿಗೊಂದು ಭಾನುವಾರ ಕೊಡಲಿ. ಪಕ್ಕದ ಖಾಲಿ ಜಾಗದಲ್ಲಿ ನೂರು ಮೀಟರ್ ಮಣ್ಣಿನ ದಾರಿ, ಎರಡು ಟಿಪ್ಪರ್ ಲೋಡು ಮಣ್ಣಿನ ಒಂದು ಜಂಪು, ಧೂಳಿಗೆ ನೀರಿನ ಟ್ಯಾಂಕರು, ಗೇಟಿನ ಹತ್ತಿರ ಆಂಬುಲೆನ್ಸು. ಮೊದಲ ವರ್ಷ ಟ್ರೋಫಿ ಕೂಡ ಬೇಡ, ಗೋಡೆಗೆ ಅಂಟಿಸಿದ ಲ್ಯಾಪ್ ಟೈಮ್ ಹಾಳೆ ಸಾಕು. ಟ್ರ್ಯಾಕ್ ಕೊಳೆಯಾಗುತ್ತೆ ಅನ್ನೋದೊಂದೇ ಮಾಲೀಕರ ತಕರಾರಾದರೆ, ಸೋಮವಾರ ಬೆಳಗ್ಗೆ ಪೊರಕೆ ಹಿಡಿದು ಗುಡಿಸಲು ನಾನು ಬರ್ತೀನಿ.