ಪರ-ವಿರೋಧ: ಮರೆವಿನ ಕಾಯಿಲೆಯನ್ನು ಅಂಕ ಕೊಟ್ಟು ಅಳೆಯಬಹುದೇ?

ಪರ: ಅಳತೆಯಿಲ್ಲದೆ ಚಿಕಿತ್ಸೆಯಿಲ್ಲ

ಮರೆವನ್ನು ಮನೆಯವರ ಅಂದಾಜಿಗೆ ಬಿಟ್ಟರೆ, ‘ಅಜ್ಜನಿಗೆ ಪ್ರಾಯವಾಯಿತು’ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಈಗ ಯಾವ ತಿಂಗಳು, 100ರಿಂದ 7 ಕಳೆದರೆ ಎಷ್ಟು ಎಂಬಂಥವನ್ನು ಕೇಳುವ, 1975ರಿಂದ ಬಳಕೆಯಲ್ಲಿರುವ 30 ಅಂಕಗಳ ಪ್ರಶ್ನಾವಳಿಗೆ ಹತ್ತು ನಿಮಿಷ ಸಾಕು. ಸಾಮಾನ್ಯವಾಗಿ 24ಕ್ಕಿಂತ ಕೆಳಗಿಳಿದರೆ ಮುಂದಿನ ತಪಾಸಣೆ ನಡೆಯುತ್ತದೆ, ಥೈರಾಯ್ಡ್ ಅಥವಾ ಬಿ12 ಕೊರತೆಯಿಂದ ಬಂದ ಮರೆವಾದರೆ ಮದ್ದಿನಿಂದ ಸುಧಾರಿಸಲೂಬಹುದು. ಪ್ರಯೋಗಾಲಯದಲ್ಲಿಯೂ ಹಾಗೆಯೇ: ನರವಿಜ್ಞಾನಿ ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ನೀರಿನ ತೊಟ್ಟಿಯಲ್ಲಿ, ಮುಳುಗಿಸಿಟ್ಟ ಹಲಗೆಯನ್ನು ಇಲಿ ಎಷ್ಟು ಸೆಕೆಂಡಿನಲ್ಲಿ ಹುಡುಕುತ್ತದೆಂದು ಎಣಿಸಿಯೇ ಅದರ ಸ್ಥಳದ ನೆನಪನ್ನು ಅಳೆಯುತ್ತಾರೆ. ಭಾಷೆಯ ತೊಡಕಿದೆಯೆಂದು ಒಪ್ಪುತ್ತೇನೆ. ಆದರೆ ಹರಿಯಾಣದ ಬಲ್ಲಭಗಢದಲ್ಲಿ ಅಕ್ಷರ ಬಾರದ ಹಿರಿಯರಿಗಾಗಿ, 100ರಿಂದ 7 ಕಳೆಯುವ ಬದಲು 20ರಿಂದ 3 ಕಳೆಯುವ ಹಿಂದಿ ಪ್ರಶ್ನಾವಳಿಯನ್ನು ರೂಪಿಸಲಿಲ್ಲವೇ? ನನಗೂ ಒಂದೆರಡು ಅನುಮಾನಗಳಿವೆ. ಪರವಾಗಿ ಬರೆಯಲು ಹೇಳಿದ್ದರಿಂದ ಅವನ್ನು ಇಲ್ಲಿ ಎತ್ತುವುದಿಲ್ಲ.

ವಿರೋಧ: ಅಮ್ಮನಿಗೆ ಸಿಕ್ಕಿದ ಸೊನ್ನೆ

ತೊಟ್ಟಿಯ ಕತೆ ಹೇಳುವವರು ಅದರಲ್ಲಿ ಅರ್ಧವನ್ನು ನುಂಗುತ್ತಾರೆ. ಇಲಿ ಹಲಗೆಯನ್ನು ಹುಡುಕಲಾರದೆ ಹೋದರೆ, ನೆನಪು ಕೆಟ್ಟಿದೆಯೆಂದು ಬರೆಯುವ ಮೊದಲು ಹಲಗೆಯನ್ನು ಕಾಣುವಂತೆ ಇಟ್ಟು, ಅದಕ್ಕೆ ಕಣ್ಣು ಕಾಣುತ್ತದೆಯೇ, ಈಜಲು ಬರುತ್ತದೆಯೇ ಎಂದು ನೋಡುವ ಕ್ರಮವಿದೆ. ಬದಿಯಡ್ಕದ ಕಡೆಯ ತೋಟದ ಮನೆಯಿಂದ ಆಸ್ಪತ್ರೆಗೆ ಹೋದ ನನ್ನ ಅಮ್ಮನಿಗೆ ಅಷ್ಟೂ ಸಿಗಲಿಲ್ಲ.

1956ರಲ್ಲಿ ಊರು ಕೇರಳಕ್ಕೆ ಸೇರಿತಾದರೂ ಅಮ್ಮನಿಗೆ ಬಂದ ಮಲಯಾಳ ಅಂಗಡಿಯಲ್ಲಿ ಕ್ರಯ ಕೇಳುವಷ್ಟು ಮಾತ್ರ. ಪ್ರಶ್ನೆಗಳೆಲ್ಲ ಮಲಯಾಳದಲ್ಲಿದ್ದವು. ಈಗ ಯಾವ ತಿಂಗಳೆಂದು ಕೇಳಿದಾಗ, ನಾನು ಪಕ್ಕದಿಂದ ಅರ್ಥ ಹೇಳಿದ ಮೇಲೆ, ಅವರು ‘ಸೋಣ’ ಎಂದರು. ಆಗಸ್ಟ್ ಕೊನೆಯ ವಾರ. ತುಳುವರ ಸೋಣವೂ ಮಲಯಾಳಿಗಳ ಚಿಂಗವೂ ಒಂದೇ ತಿಂಗಳು. ಪ್ರಶ್ನೆ ಕೇಳುತ್ತಿದ್ದ ಹುಡುಗಿ ಸೊನ್ನೆ ಬರೆದಳು. ನೂರರಿಂದ ಏಳು ಕಳೆಯಲು ಹೇಳಿದಾಗ ಅಮ್ಮ ನನ್ನ ಮುಖ ನೋಡಿದರು, ನನಗೆ ಸುಮ್ಮನಿರಲು ಸೂಚನೆಯಾಗಿತ್ತು. ಒಟ್ಟು 30ರಲ್ಲಿ 14. ಹಿಂದಿಯವರಿಗೆ ಬೇರೆ ಪ್ರಶ್ನಾವಳಿ ಮಾಡಿದ್ದಾರಂತೆ, ಬಹಳ ಸಂತೋಷ. ನಮ್ಮ ಮೇಜಿನ ಮೇಲೆ ಅದು ಇರಲಿಲ್ಲ.

ಅಮ್ಮನಿಗೆ ಮರೆವಿಲ್ಲವೆಂದು ನಾನು ವಾದಿಸುವುದಿಲ್ಲ. ತೆಂಗಿನಕಾಯಿ ಎಣಿಸುವಾಗ ನೂರಾದಾಗಲೆಲ್ಲ ಒಂದು ಕಾಯಿಯನ್ನು ಬದಿಗಿಡುವುದು ಅವರ ಐವತ್ತು ವರ್ಷದ ಅಭ್ಯಾಸ. ಪರೀಕ್ಷೆಗಿಂತ ಒಂದು ವರ್ಷ ಮೊದಲೇ, ಒಂದು ಬೆಳಗ್ಗೆ ರಾಶಿ ಮುಗಿದರೂ ಬದಿಯಲ್ಲಿ ಒಂದೇ ಒಂದು ಕಾಯಿಯೂ ಇರಲಿಲ್ಲ. ಅಮ್ಮ ಖಾಲಿ ನೆಲವನ್ನು ನೋಡಿ, ಯಾರೋ ತೆಗೆದಿದ್ದಾರೆಂದು ಕೆಲಸದವನನ್ನು ಬೈದರು. ಅದನ್ನು ಆಸ್ಪತ್ರೆಯಲ್ಲಿ ಹೇಳಲು ಹೊರಟಾಗ, ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲವೆಂದರು.