ಆಟಕ್ಕುಂಟು, ಲೆಕ್ಕಕ್ಕೂ ಉಂಟು

1924ರ ಡಿಸೆಂಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಮ್ಮ ಬೆಳಗಾವಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು, ಪಕ್ಷದ ಸದಸ್ಯನಾಗಬೇಕೆಂಬುವನು ತಿಂಗಳಿಗೆ 2,000 ಗಜ ನೂಲನ್ನು ತಾನೇ ತೆಗೆದು ಕೊಡಬೇಕೆಂಬ ನಿಯಮಕ್ಕೆ ಒಪ್ಪಿಗೆ ನೀಡಿತು. ನೂಲಲು ಮನಸ್ಸಿಲ್ಲದವನು ಬೇರೆಯವರ ಕೈಯಿಂದ ನೂಲಿಸಿ ಕೊಡಬಹುದೆಂಬ ರಿಯಾಯಿತಿಯೂ ಅದರಲ್ಲಿತ್ತು. ಮುಂದಿನ ನಮ್ಮ ರಾಜಕಾರಣವೆಲ್ಲ ಆ ಕಿಂಡಿಯಿಂದಲೇ ಒಳಗೆ ನುಸುಳಿತೆಂಬುದು ನನ್ನ ಗುಮಾನಿ. ಏನೇ ಇರಲಿ, ನೂಲನ್ನು ಅಳೆಯಲು ಬರುತ್ತಿತ್ತು. ಇಂದು ಸದಸ್ಯತ್ವಕ್ಕಾಗಿ ಕೊಡುವ ಮಿಸ್ಡ್ ಕಾಲನ್ನು ಅಳೆಯುವ ಗಜಕಡ್ಡಿ ಇನ್ನೂ ಸಿಕ್ಕಿಲ್ಲ.

ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಮುಗಿದು, ಊರಿನ ಲಾಡ್ಜುಗಳು ಖಾಲಿಯಾದ ಮರುದಿನವೇ, ಟಿಳಕವಾಡಿಯ ನಿವೃತ್ತ ಮಾಸ್ತರರೊಬ್ಬರಿಗೆ ಲೆಕ್ಕ ಒಪ್ಪಿಸುವ ಪಕ್ಷವೊಂದನ್ನು ಕಟ್ಟುವ ಹುಕಿ ಬಂದಿತು. ಕರಡು ನಿಯಮಾವಳಿಯನ್ನು ಕೇಳಿಸಿಕೊಳ್ಳಲು ನಮ್ಮನ್ನೂ ಕರೆದಿದ್ದರು. ಮೊದಲನೆಯ ನಿಯಮದ ಪ್ರಕಾರ ಪ್ರಣಾಳಿಕೆಗೆ ಕಬ್ಬಿನ ಕಾನೂನೇ ಅನ್ವಯಿಸುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆಯು ಕಬ್ಬು ಪಡೆದ 14 ದಿನಗಳೊಳಗೆ ಬಿಲ್ಲಿನ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು. ಮತದಾರನೂ ತನ್ನ ಮಾಲನ್ನು ಮುಂಗಡವಾಗಿಯೇ ತೂಗಿ ಕೊಟ್ಟವನಾದ್ದರಿಂದ ಅವನಿಗೆ ಕೊಟ್ಟ ಭರವಸೆಗಳಿಗೂ ಇದೇ ಗಡುವು, ಇದೇ ಬಡ್ಡಿ. ಮೂಲೆಯಲ್ಲಿ ಕುಳಿತಿದ್ದ ಬೈಲಹೊಂಗಲದ ರೈತರೊಬ್ಬರು, “ಹಂಗಾದ್ರ ಇನ್ನ ಮ್ಯಾಲೆ ನಮಗ ಎರಡೂ ಬಾಕಿ ಉಳೀತಾವ್ರಿ, ಮಾಸ್ತರ” ಎಂದರು.

ಅಭ್ಯರ್ಥಿಗಳ ವಿಚಾರದಲ್ಲಿ ಮಾಸ್ತರರು ಹೊಸದೇನನ್ನೂ ಹೇಳಲಿಲ್ಲ. ಕ್ರಿಮಿನಲ್ ಪ್ರಕರಣವಿರುವವನನ್ನು ಏಕೆ ಆರಿಸಲಾಯಿತು, ಪ್ರಕರಣವಿಲ್ಲದವರು ಏಕೆ ಸಿಗಲಿಲ್ಲ ಎಂಬುದನ್ನು ಪಕ್ಷವೇ ಪ್ರಕಟಿಸಬೇಕು, ಗೆಲ್ಲುತ್ತಾನೆಂಬುದೊಂದೇ ಕಾರಣವಾಗಲಾರದು ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿಯೇ ಹೇಳಿದೆ. ಅಂದಿನಿಂದ ಬರುತ್ತಿರುವ ಪ್ರಕಟಣೆಗಳನ್ನು ಓದಿದರೆ, ಒಬ್ಬನ ಮೇಲಿನ ಕೇಸುಗಳು ಹೆಚ್ಚಿದಂತೆಲ್ಲ ಅವನ ಸಮಾಜಸೇವೆಯೂ ಹೆಚ್ಚುತ್ತದೆಯೇನೋ ಎನಿಸುತ್ತದೆ. ಮಾಸ್ತರರ ಪಕ್ಷದಲ್ಲಿ ಮಾತ್ರ ಕಾರಣವನ್ನು ಇದ್ದುದಿದ್ದಂತೆ ಬರೆಯಬೇಕು: “ಇವರ ಬಳಿ ಹಣವಿದೆ, ನಮ್ಮ ಬಳಿ ಇಲ್ಲ.”

ಹಣದ ಮಾತು ಬಂದಾಗ ಸಭೆ ತುಸು ಗಂಭೀರವಾಯಿತು. ವಿಧಾನಸಭೆಯ ಅಭ್ಯರ್ಥಿ 40 ಲಕ್ಷ ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ; ಅವನ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಹೊಲಕ್ಕೆ ಬೇಲಿ ಹಾಕಿ ಊರನ್ನೆಲ್ಲ ದನಗಳಿಗೆ ಬಿಟ್ಟಂತೆ ಇದು. 2013ರಲ್ಲಿ ಕೇಂದ್ರ ಮಾಹಿತಿ ಆಯೋಗವು ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತವೆಂದು ಆದೇಶಿಸಿದಾಗ, ಬೇರೆ ಯಾವುದರಲ್ಲೂ ಒಂದಾಗದ ಪಕ್ಷಗಳು ಆ ಆದೇಶವನ್ನು ಪಾಲಿಸದಿರುವುದರಲ್ಲಿ ಒಂದಾದವು. ನಮ್ಮ ಪಕ್ಷದ ಕಚೇರಿಯಲ್ಲಿ ಹತ್ತು ರೂಪಾಯಿಯ ಅರ್ಜಿಗೊಂದು ಕಿಟಕಿ ಇರುತ್ತದೆ ಎಂದು ಮಾಸ್ತರರು ಘೋಷಿಸಿದರು. ಕಚೇರಿ ಇನ್ನೂ ಸಿಕ್ಕಿರಲಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಪಕ್ಕದ ಓಣಿಯ ಸ್ವಸಹಾಯ ಸಂಘದ ಕಾರ್ಯದರ್ಶಿ ಅಕ್ಕ, ಕೈಚೀಲದಿಂದ ತಮ್ಮ ಠರಾವು ಪುಸ್ತಕವನ್ನು ತೆಗೆದು ಟೇಬಲ್ಲಿನ ಮೇಲಿಟ್ಟರು. ಅಂಚು ಕಿತ್ತ ಆ ಪುಸ್ತಕದಲ್ಲಿ ಇಪ್ಪತ್ತು ರೂಪಾಯಿಯ ಝೆರಾಕ್ಸ್ ಖರ್ಚಿನ ಕೆಳಗೆ ಐದು ಸಹಿ, ಮೂರು ಹೆಬ್ಬೆಟ್ಟುಗಳಿದ್ದವು. “ಮಾಸ್ತರ, ಈಗ ಚಹಾ ತರಿಸಿದ್ರಲ್ಲ, ಅದರ ಚೀಟಿ ಎಲ್ಲೈತ್ರಿ?” ಎಂದು ಅವರು ಕೇಳಿದರು.

ಮಾಸ್ತರರು ಜೇಬು ತಡವಿ, ಚಹಾದ ಹುಡುಗನನ್ನು ಮತ್ತೆ ಅಂಗಡಿಗೆ ಓಡಿಸಿದರು. ಅಂಗಡಿಯವನು ಬೀಡಿ ಕಟ್ಟಿನ ಕಾಗದದ ಹಿಂಬದಿಯಲ್ಲಿ “ಚಹಾ 11” ಎಂದು ಬರೆದು ಕಳಿಸಿದ. ಅಕ್ಕ ಕಣ್ಣಿನಿಂದಲೇ ನಮ್ಮನ್ನೆಲ್ಲ ಎಣಿಸಿದರು. ಸಭೆಯಲ್ಲಿ ಇದ್ದವರು ಒಂಬತ್ತು ಜನ.